ನವೆಂಬರ್ 1 : ಒಂದೇ ದಿನಾಂಕದ ಹಲವು ಇತಿಹಾಸಗಳು

ಕಾಲವು ಅಖಂಡವಾದುದು. ಅದನ್ನು ದಿನ, ಮಾಸ, ಸಂವತ್ಸರಗಳೆಂದು ವಿಭಜಿಸಿಕೊಂಡವನು ಮಾನವನು. ಹೀಗೆ ವಿಭಜಿಸಿದ ದಿನಗಳಲ್ಲಿ ಕೆಲವಕ್ಕೆ ಮಾತ್ರ ಇತಿಹಾಸವು ಮತ್ತೆ ಮತ್ತೆ ತನ್ನ ಮುದ್ರೆಯನ್ನೊತ್ತುತ್ತದೆ. ನವೆಂಬರ್ ತಿಂಗಳ ಮೊದಲನೆಯ ದಿನವು ಅಂತಹವುಗಳಲ್ಲೊಂದು. ಕನ್ನಡಿಗರಿಗೆ ಅದು ರಾಜ್ಯೋತ್ಸವದ ದಿನವೆಂಬುದು ಸರ್ವವಿದಿತ. ಆದರೆ ಆ ದಿನದ ಚರಿತ್ರೆ ಅಷ್ಟಕ್ಕೇ ಮುಗಿಯುವುದಿಲ್ಲ.

1755ರ ನವೆಂಬರ್ 1ರಂದು ಪೋರ್ಚುಗಲ್ ದೇಶದ ಲಿಸ್ಬನ್ ನಗರವು ಭೀಕರ ಭೂಕಂಪಕ್ಕೆ ತುತ್ತಾಯಿತು. ಅಂದು ಕ್ರೈಸ್ತರ ಸಕಲ ಸಂತರ ಹಬ್ಬ. ಜನರು ದೇವಾಲಯಗಳಲ್ಲಿ ನೆರೆದಿದ್ದ ಹೊತ್ತು. ಕಂಪನದ ಬೆನ್ನಲ್ಲೇ ಕಡಲು ಉಕ್ಕಿಬಂದಿತು, ಬೆಂಕಿಯೂ ಹಬ್ಬಿತು. ಸಹಸ್ರಾರು ಜನರು ಮಡಿದರು. ಆದರೆ ಆ ವಿಪತ್ತಿನ ತರುವಾಯ ಮಂತ್ರಿ ಪೊಂಬಾಲನು ಊರೂರಿಗೆ ಪ್ರಶ್ನಾವಳಿಯನ್ನು ಕಳುಹಿಸಿ, ನೆಲ ಎಷ್ಟು ಹೊತ್ತು ನಡುಗಿತು, ಹಾನಿ ಎಷ್ಟಾಯಿತು ಎಂದು ವಿಚಾರಿಸಿದನು. ಭೂಕಂಪದ ವೈಜ್ಞಾನಿಕ ಅಧ್ಯಯನಕ್ಕೆ ಅದೊಂದು ನಾಂದಿಯಾಯಿತು.

ಭಾರತದ ಮಟ್ಟಿಗೂ ಈ ದಿನವು ಸಾಮಾನ್ಯವಾದುದಲ್ಲ. 1858ರ ನವೆಂಬರ್ 1ರಂದು ಲಾರ್ಡ್ ಕ್ಯಾನಿಂಗನು ಅಲಹಾಬಾದಿನಲ್ಲಿ ವಿಕ್ಟೋರಿಯಾ ರಾಣಿಯ ಘೋಷಣೆಯನ್ನು ಓದಿಸಿ, ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆ ಕೊನೆಗೊಂಡುದನ್ನು ಸಾರಿದನು. 1954ರಲ್ಲಿ ಅದೇ ದಿನ ಪಾಂಡಿಚೇರಿ, ಕಾರೈಕಾಲ್, ಮಾಹೆ, ಯಾನಂಗಳ ಆಡಳಿತವು ಫ್ರೆಂಚರಿಂದ ಭಾರತದ ಕೈಗೆ ಬಂದಿತು. 1966ರಲ್ಲಿ ಹರಿಯಾಣವೂ 2000ದಲ್ಲಿ ಛತ್ತೀಸಗಢವೂ ಇದೇ ದಿನ ಜನ್ಮ ತಾಳಿದವು.

ಇವೆಲ್ಲಕ್ಕೂ ಮಿಗಿಲಾಗಿ ಭಾರತದ ಭೂಪಟವನ್ನೇ ಬದಲಿಸಿದ ದಿನವೆಂದರೆ 1956ರ ನವೆಂಬರ್ 1. ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಅವರನ್ನೊಳಗೊಂಡ ಆಯೋಗವು 1955ರಲ್ಲಿ ಸಲ್ಲಿಸಿದ ವರದಿಯನ್ನು ಆಧರಿಸಿ ರಾಜ್ಯ ಪುನರ್ವಿಂಗಡಣಾ ಶಾಸನವು ರೂಪುಗೊಂಡಿತು. ಅದು ಜಾರಿಗೆ ಬಂದ ಈ ದಿನ ದೇಶದಲ್ಲಿ 14 ರಾಜ್ಯಗಳೂ 6 ಕೇಂದ್ರಾಡಳಿತ ಪ್ರದೇಶಗಳೂ ಏರ್ಪಟ್ಟವು. ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಮೈಸೂರು ಎಂದು ಹಂಚಿಹೋಗಿದ್ದ ಕನ್ನಡ ನಾಡು 19 ಜಿಲ್ಲೆಗಳ ವಿಶಾಲ ಮೈಸೂರಾಗಿ ಒಂದುಗೂಡಿತು. ಎಸ್. ನಿಜಲಿಂಗಪ್ಪನವರು ಅದರ ಮೊದಲ ಮುಖ್ಯಮಂತ್ರಿಗಳಾದರು. ಏಕೀಕರಣಕ್ಕಾಗಿ ಬಾಳನ್ನೇ ಸವೆಸಿದ ಆಲೂರ ವೆಂಕಟರಾಯರು ಆ ದಿನವನ್ನು ಕಣ್ಣಾರೆ ಕಾಣುವ ಭಾಗ್ಯವನ್ನು ಪಡೆದರು.

ನಾಸಿಕ ಮತ್ತು ಇಂದಿನ ಛತ್ರಪತಿ ಸಂಭಾಜಿನಗರಗಳಲ್ಲಿ ನೆಲಸಿರುವ ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. 1956ರ ಅಕ್ಟೋಬರ್ 31ರವರೆಗೆ ನಾಸಿಕವು ಮುಂಬಯಿ ರಾಜ್ಯದಲ್ಲಿತ್ತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೂ ಅದೇ ರಾಜ್ಯದಲ್ಲಿದ್ದವು. ಔರಂಗಾಬಾದು ಹೈದರಾಬಾದು ರಾಜ್ಯದಲ್ಲಿತ್ತು. ಕಲಬುರಗಿ, ಬೀದರ, ರಾಯಚೂರುಗಳೂ ಅಲ್ಲಿಯೇ ಇದ್ದವು. ಮರುದಿನ ಬೆಳಗಾಗುವಷ್ಟರಲ್ಲಿ ನಾಸಿಕದಿಂದ ಧಾರವಾಡವು ಬೇರ್ಪಟ್ಟಿತು, ಔರಂಗಾಬಾದಿನಿಂದ ಕಲಬುರಗಿಯು ಬೇರ್ಪಟ್ಟಿತು. ಅದುವರೆಗೆ ಬೇರೆಯಾಗಿದ್ದ ನಾಸಿಕ, ಔರಂಗಾಬಾದುಗಳು ಯಶವಂತರಾವ್ ಚವ್ಹಾಣರ ನೇತೃತ್ವದ ದ್ವಿಭಾಷಾ ಮುಂಬಯಿ ರಾಜ್ಯದಲ್ಲಿ ಒಂದಾದವು. ಧಾರವಾಡ, ಕಲಬುರಗಿಗಳು ಮೈಸೂರು ರಾಜ್ಯದಲ್ಲಿ ಒಂದಾದವು. ಎರಡು ಹಳೆಯ ನೆರೆಹೊರೆಗಳು ಅಗಲಿ ಎರಡು ಹೊಸ ನೆರೆಹೊರೆಗಳು ಹುಟ್ಟಿದ ದಿನವದು. ಸರ್ಕಾರಿ ನೌಕರರು, ಕಡತಗಳು, ನ್ಯಾಯಾಲಯದ ವ್ಯಾಜ್ಯಗಳು ಎಲ್ಲವೂ ಹಂಚಿಕೆಯಾದವು. ಆದರೆ ಬೀಗತನವನ್ನೂ ಬಳಕೆಯ ಮಾತನ್ನೂ ಯಾವ ಶಾಸನವೂ ಹಂಚಲಾರದಷ್ಟೆ.

ಮರಾಠವಾಡಾ ಮತ್ತು ಕಲಬುರಗಿ ಸೀಮೆಗಳ ಹಳೆಯ ನಂಟಿಗೆ ಇನ್ನೊಂದು ದಿನಾಂಕವೂ ಸಾಕ್ಷಿಯಾಗಿದೆ. 1948ರ ಸೆಪ್ಟೆಂಬರ್ 17ರಂದು ನಿಜಾಮನ ಸಂಸ್ಥಾನವು ಶರಣಾಗತವಾಯಿತು. ಆ ದಿನವನ್ನು ಸಂಭಾಜಿನಗರದಲ್ಲಿ ಮರಾಠವಾಡಾ ಮುಕ್ತಿಸಂಗ್ರಾಮ ದಿನವೆಂದೂ, ಕಲಬುರಗಿಯಲ್ಲಿ ಕಲ್ಯಾಣ ಕರ್ನಾಟಕ ಉತ್ಸವವೆಂದೂ ಆಚರಿಸುತ್ತಾರೆ. ಹೆಸರು ಎರಡಾದರೂ ಬಿಡುಗಡೆ ಒಂದೇ.

ಸಂತೋಷದ ದಿನದಲ್ಲಿಯೂ ಒಂದು ವ್ಯಥೆ ಬೆರೆತಿತ್ತು. ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯು ಮೈಸೂರಿಗೆ ಬಂದಾಗ ಅದರ ಕಾಸರಗೋಡು ತಾಲೂಕು ಮಾತ್ರ ಕೇರಳಕ್ಕೆ ಸೇರಿತು. ಚಂದ್ರಗಿರಿ ನದಿಯ ಉತ್ತರದ ಭಾಗವು ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗವು 1967ರಲ್ಲಿ ಶಿಫಾರಸು ಮಾಡಿದರೂ ಅದು ಕಾರ್ಯಗತವಾಗಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಕೊನೆಯವರೆಗೂ ಈ ನೋವಿಗೆ ದನಿಯಾಗಿದ್ದರು. ಅದೇ ರೀತಿ ಮರಾಠಿ ಬಾಂಧವರಲ್ಲಿಯೂ ಗಡಿಯ ಕುರಿತು ಅತೃಪ್ತಿ ಉಳಿಯಿತು. ಗಡಿಗೆರೆಯನ್ನು ಎಲ್ಲಿ ಎಳೆದರೂ ಅದರ ಎರಡೂ ಬದಿಗೆ ಮನುಷ್ಯರಿರುತ್ತಾರೆಂಬ ಸತ್ಯವನ್ನು ಈ ದಿನವು ನೆನಪಿಸುತ್ತದೆ.

1973ರ ನವೆಂಬರ್ 1ರಂದು, ಡಿ. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ, ಮೈಸೂರು ರಾಜ್ಯವು ಕರ್ನಾಟಕವಾಯಿತು. 2014ರಲ್ಲಿ ಅದೇ ದಿನ ಬೆಂಗಳೂರು, ಬೆಳಗಾವಿ, ಕಲಬುರಗಿ ಮೊದಲಾದ 12 ನಗರಗಳು ಕನ್ನಡದ ಉಚ್ಚಾರಣೆಗೆ ಹೊಂದುವ ಹೆಸರುಗಳನ್ನು ಅಧಿಕೃತವಾಗಿ ಪಡೆದವು. ಔರಂಗಾಬಾದಿಗೆ ಹೊಸ ಹೆಸರು ಬಂದುದು 2023ರಲ್ಲಿ.

ಹೆಸರುಗಳು ಬದಲಾಗುತ್ತವೆ, ಗಡಿಗಳು ಸರಿಯುತ್ತವೆ. ಗೋದಾವರಿ ಮಾತ್ರ ತ್ರ್ಯಂಬಕದ ಬ್ರಹ್ಮಗಿರಿಯಲ್ಲಿ ಹುಟ್ಟಿ, ನಾಸಿಕವನ್ನು ತೊಯ್ದು, ಪೈಠಣದ ಮಗ್ಗುಲಲ್ಲಿ ಹರಿಯುತ್ತಲೇ ಇದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡ ನಾಡಿನ ಉತ್ತರದ ಎಲ್ಲೆಯೆಂದು ಹೇಳಿದುದು ಇದೇ ನದಿಯನ್ನು. ಸಂಭಾಜಿನಗರದ ಸಮೀಪದ ಎಲ್ಲೋರದಲ್ಲಿ ಕೈಲಾಸನಾಥ ದೇವಾಲಯವನ್ನು ಕಡೆಯಿಸಿದ ಒಂದನೆಯ ಕೃಷ್ಣನು ಕನ್ನಡಿಗರ ರಾಷ್ಟ್ರಕೂಟ ವಂಶದವನು. ದೇವಗಿರಿಯ ಸೇವುಣರು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಶಾಸನಗಳನ್ನು ಬರೆಸಿದರು. ಆದುದರಿಂದ ಇಲ್ಲಿಯ ಕನ್ನಡಿಗನು ಪರಕೀಯನಲ್ಲ, ಹಳೆಯ ಮನೆಯ ನೆಂಟ. ರಾಜ್ಯೋತ್ಸವದಂದು ಹಚ್ಚುವ ದೀಪವು ತನ್ನ ಮನೆಯನ್ನು ಬೆಳಗುವುದರೊಂದಿಗೆ ನೆರೆಮನೆಯ ಅಂಗಳಕ್ಕೂ ಬೆಳಕು ಬೀರಿದರೆ, ಆ ದಿನದ ಆಚರಣೆ ಸಾರ್ಥಕವಾದೀತು.