ಅಡಿಕೆ ಒಲೆಯ ಬಿಸಿಯಿಂದ ಕರೆಂಟ್ ಬರುತ್ತಾ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ. ಅಡಿಕೆ ಕೊಯ್ಲು ಶುರುವಾದರೆ ಸಾಕು, ಹಂಡೆಯಲ್ಲಿ ಅಡಿಕೆ ಬೇಯಿಸೋ ಕೆಂಪು ಚೊಗರು ಕೊತಕೊತ ಕುದಿಯುತ್ತೆ. ಹಬೆ, ಹೊಗೆ, ಎಲ್ಲ ಬಿಸಿಯೂ ಗಾಳಿಪಾಲು! ಇದರಿಂದ ಕರೆಂಟ್ ತೆಗೀಬಹುದಾ?

ತೆಗೀಬಹುದು. ಟರ್ಬೈನ್ ತಿರುಗಿಸೋ ಆವಿಗೆ ನೀರಿನ ಬದಲು ಪೆಂಟೇನ್‌ನಂಥ ದ್ರವ ಬಳಸ್ತಾರೆ. ಅದು 36 ಡಿಗ್ರಿಗೇ ಕುದಿಯುತ್ತೆ. ಆವಿ ಟರ್ಬೈನ್ ತಿರುಗಿಸಿ, ತಣಿದು, ಮತ್ತೆ ದ್ರವವಾಗುತ್ತೆ. ಬೇಗ ಬೆಂಕಿ ಹತ್ತೋ ಸರಕು, ಹಾಗಾಗಿ ಮುಚ್ಚಿದ ಪೈಪಿನೊಳಗೇ ಸುತ್ತಾಟ. ಇದೇ ಆರ್ಗ್ಯಾನಿಕ್ ರ್‍ಯಾಂಕಿನ್ ಸೈಕಲ್.

ಆದರೆ ಲೆಕ್ಕ ನೋಡಿ. ಬಿಸಿ 95 ಡಿಗ್ರಿ, ತಂಪು 25 ಡಿಗ್ರಿ ಇದ್ದರೆ, ಕರೆಂಟಾಗಬಲ್ಲ ಬಿಸಿಗೆ ಪ್ರಕೃತಿ ನಿಯಮದ ಗರಿಷ್ಠ ಮಿತಿಯೇ ಶೇ 19. ಕೈಗೆ ಸಿಗೋದು ಹೆಚ್ಚೆಂದರೆ ಅದರರ್ಧ. ವರ್ಷವಿಡೀ ಉರಿಯುವ ಸಿಮೆಂಟ್ ಕಾರ್ಖಾನೆಗೆ ಸರಿ; ಸುಗ್ಗಿಯಲ್ಲಷ್ಟೇ ಉರಿಯೋ ಒಲೆಗೆ ಹಾಕಿದ ದುಡ್ಡೂ ಹುಟ್ಟಲ್ಲ.

ನನ್ನ ಮಾತು ಕೇಳಿದರೆ, ಹೊಗೆಯ ಬಿಸಿಯಲ್ಲಿ ಮುಂದಿನ ಹಂಡೆಗೆ ನೀರು ಕಾಯಿಸಿ. ಸೌದೆ ಉಳಿಯುತ್ತೆ.