ಹಾದಿ ಸವೆಯುವ ಬಗೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಬುದ್ಧಿ ಹೇಳಿದ ನಮ್ಮ ಹಿರಿಯರು ಇಬ್ಬರು ಮಕ್ಕಳನ್ನು ಕಾರಿನ ಹಿಂದಿನ ಆಸನದಲ್ಲಿ ಕೂರಿಸಿಕೊಂಡು ದೇಶ ಸುತ್ತಿದವರಲ್ಲವೆಂದು ತೋರುತ್ತದೆ. ಸುತ್ತಿದ್ದರೆ ಆ ಗಾದೆಗೆ ಇನ್ನೊಂದು ಸಾಲನ್ನು ಅವಶ್ಯವಾಗಿ ಸೇರಿಸುತ್ತಿದ್ದರು.

ಪ್ರಯಾಣದ ಬೇಸರವೇನೂ ಇಂದಿನದಲ್ಲ. ಹೆಣವನ್ನು ಹೆಗಲ ಮೇಲೆ ಹೊತ್ತು ನಡೆದ ವಿಕ್ರಮನಿಗೆ ಬೇತಾಳ ಕಥೆ ಹೇಳಿದ್ದು ದಾರಿಯ ಬೇಸರ ಕಳೆಯಲೆಂಬ ನೆಪದಿಂದಲೇ. ಆ ಇಪ್ಪತ್ತೈದು ಕಥೆಗಳನ್ನು ಬಾಲ್ಯದಿಂದ ಬಲ್ಲೆ. ತರಗತಿಯಲ್ಲಿ ಹೇಳಿಯೂ ಇದ್ದೇನೆ. ಆದರೆ ಅವುಗಳಲ್ಲಿ ಅಡಗಿದ್ದ ಒಂದು ಗುಟ್ಟು ನನಗೆ ತಿಳಿದದ್ದು ಕಳೆದ ಡಿಸೆಂಬರಿನಲ್ಲಿ, ಧಾರವಾಡದಿಂದ ಬೆಂಗಳೂರಿಗೆ ಬರುವ ಹೆದ್ದಾರಿಯ ಮೇಲೆ.

ಆ ಸಲದ ಪ್ರಯಾಣ ರಜೆಯ ವಿಹಾರವಾಗಿರಲಿಲ್ಲ. ಧಾರವಾಡದಲ್ಲಿ ಒಬ್ಬಳೇ ಇದ್ದ ಅವ್ವನನ್ನು ನಮ್ಮೊಡನೆ ಇರಲು ಕರೆತರುತ್ತಿದ್ದೆವು. ಸುಮಾರು 430 ಕಿಲೋಮೀಟರಿನ ಹಾದಿ. ನಡುವೆ ಊಟ ಉಪಾಹಾರಗಳನ್ನು ಸೇರಿಸಿದರೆ ಇಡೀ ಹಗಲಿನ ಪ್ರಯಾಣ. ಚಾಲನೆಯ ಹೊಣೆ ನನ್ನ ಪತ್ನಿಯದು. ಕಾರು ನಡೆಸುವುದು ನನಗೆ ಬಾರದ ವಿದ್ಯೆ. ಆದಕಾರಣ ರಂಜನೆಯ ಖಾತೆ ನನ್ನ ಪಾಲಿಗೆ ಬಂದಿತ್ತು. ಹಿಂದೆ ಎಡಗಿಟಕಿಯ ಬಳಿ ಅವ್ವ, ನಡುವೆ ಒಂಬತ್ತು ವರ್ಷದ ಮಗ, ಆಚೆಗೆ ಹದಿಮೂರರ ಮಗಳು.

ನಾನು ಸಿದ್ಧತೆಯಿಲ್ಲದೆ ಹೊರಟವನಲ್ಲ. ಹುಬ್ಬಳ್ಳಿ ದಾಟುವಷ್ಟರಲ್ಲಿ ಕವಿಗಳ ಹೆಸರಿನ ಅಂತ್ಯಾಕ್ಷರಿಯನ್ನು ಆರಂಭಿಸಿದೆ. ಎರಡು ಸುತ್ತು ಮುಗಿಯುವ ಮೊದಲೇ ಮಗಳು ಕಿವಿಗೆ ಗುಬುಟು ಸಿಕ್ಕಿಸಿಕೊಂಡು ತನ್ನ ಲೋಕಕ್ಕೆ ತೆರಳಿದಳು. ಶಿಗ್ಗಾಂವಿಯ ಸೀಮೆ ಬಂದಾಗ, ಕನಕದಾಸರ ಬಾಡ ಇಲ್ಲಿಯೇ, ಶಿಶುನಾಳ ಷರೀಫರ ಊರೂ ಇದೇ ತಾಲ್ಲೂಕಿನಲ್ಲಿ ಎಂದು ಒಂದು ಕಿರು ಉಪನ್ಯಾಸವನ್ನೇ ಕೊಟ್ಟೆ. ಮಗ ಗಂಭೀರವಾಗಿ ಕೇಳಿ, "ಅಪ್ಪಾ, ಇನ್ನೂ ಎಷ್ಟು ದೂರ?" ಎಂದ. ಹರಿಶ್ಚಂದ್ರನ ಬೆನ್ನು ಬಿಡದೆ ಕಾಡಿದ ನಕ್ಷತ್ರಿಕನನ್ನು ರಾಘವಾಂಕನ ಕಾವ್ಯದಲ್ಲಿ ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಅವನ ನಿಜವಾದ ಪರಿಚಯವಾದದ್ದು ಅಂದು. ಹದಿನೈದು ನಿಮಿಷದಲ್ಲಿ ಅದೇ ಪ್ರಶ್ನೆ ಆರು ಸಲ ಬಂದಿತು. ಏಳನೆಯ ಸಲ ಸೋತು ನನ್ನ ಮೊಬೈಲನ್ನು ಅವನ ಕೈಗೆ ಕೊಟ್ಟೆ. ಕಾರಿನಲ್ಲಿ ನಿಶ್ಶಬ್ದವಾಯಿತು. ಅದನ್ನು ನೆಮ್ಮದಿಯೆಂದು ನಾನು ಭ್ರಮಿಸಿದೆ.

ಹಾವೇರಿಯ ಹತ್ತಿರ ಹುಡುಗನ ಮುಖ ಬಿಳಿಚಿಕೊಂಡಿತು. "ವಾಂತಿ ಬರ್ತಿದೆ" ಎಂದ. ಇದರ ಕಾರಣ ಕಠಿಣವಾದುದಲ್ಲ. ದೇಹ ಚಲಿಸುತ್ತಿದೆಯೆಂದು ಒಳಗಿವಿ ಮೆದುಳಿಗೆ ವರದಿ ಮಾಡುತ್ತದೆ; ಕೈಯೊಳಗಿನ ಪರದೆಯಲ್ಲಿ ನೆಟ್ಟ ಕಣ್ಣು, ಇಲ್ಲ, ಎಲ್ಲವೂ ನಿಂತಲ್ಲೇ ನಿಂತಿದೆಯೆಂದು ಸಾಕ್ಷಿ ನುಡಿಯುತ್ತದೆ. ಈ ಎರಡು ಸಾಕ್ಷ್ಯಗಳ ವಿರೋಧವೇ ಹೊಟ್ಟೆ ತೊಳಸುವುದಕ್ಕೆ ಮೂಲ. ತಲೆಯೆತ್ತಿ ದೂರದ ಬಯಲನ್ನು ನೋಡಿದರೆ ಕಣ್ಣು ಕಿವಿಗಳಿಗೆ ಮತ್ತೆ ರಾಜಿಯಾಗುತ್ತದೆ. ಪತ್ನಿ ಒಂದು ಚಹದಂಗಡಿಯ ಮಗ್ಗುಲಿನ ನೆರಳಿನಲ್ಲಿ ಕಾರು ನಿಲ್ಲಿಸಿದಳು.

ಮಗ ಚೇತರಿಸಿಕೊಂಡು ಮರದ ಕೆಳಗೆ ನಿಂತಿದ್ದ. ಬಾಗಿಲು ತೆರೆದು ಕುಳಿತಿದ್ದ ಅವ್ವ, "ಎಂಥಾ ಗಿಡಾನೋ ತಮ್ಮಾ ಇದು?" ಎಂದಳು. ನಮ್ಮ ಕಡೆ ಮರಕ್ಕೂ ಗಿಡವೆಂದೇ ಹೆಸರು. ಮಗ ನನ್ನ ಮುಖ ನೋಡಿದ. ನಾನು ಮರದ ಮುಖ ನೋಡಿ, "ಯಾವುದೋ ಕಾಡುಮರ" ಎಂದೆ. ಅವ್ವ ನಕ್ಕಳು. "ಎಲಿ ಹ್ಯಾಂಗ ಅದಾವ?" "ಸಣ್ಣ ಸಣ್ಣದು, ಅಜ್ಜಿ." "ಮುಳ್ಳು?" "ಇದೆ. ಉದ್ದ. ಬೆಳ್ಳಗಿದೆ." "ಕಾಯಿ?" ಹುಡುಗ ಕೆಳಗೆ ಬಿದ್ದಿದ್ದ ಒಂದನ್ನು ಆರಿಸಿಕೊಂಡ. "ಮಣಿ ಪೋಣಿಸಿದ ಹಾಗಿದೆ, ನಡುನಡುವೆ ಹಿಂಡಿದ್ದಾರೆ." "ಹಂಗಾದ್ರ ಜಾಲಿ" ಎಂದು ಅವ್ವ ತೀರ್ಪು ಕೊಟ್ಟಳು.

ಮರ ಅವಳಿಂದ ನಾಲ್ಕು ಮಾರು ದೂರದಲ್ಲಿತ್ತು. ಹೊಲದ ಬದುಗಳ ನಡುವೆ ಬೆಳೆದವಳು ಜಾಲಿಯನ್ನು ಕೇಳಿ ತಿಳಿಯಬೇಕಾಯಿತೆ? ನಾನು ಮೆಲ್ಲನೆ, "ಅವ್ವಾ, ನಿನಗ ಕಾಣಸೂದಿಲ್ಲೇನು?" ಎಂದೆ. "ಬೆಳಕ ಕಾಣಸ್ತದ. ನೆರಳ ಕಾಣಸ್ತದ. ಸಾಕಲ್ಲ" ಎಂದಳು.

ಅವಳಿಗೆ ಗ್ಲಾಕೋಮಾ ಇರುವುದು ನಮಗೆ ತಿಳಿದಿತ್ತು. ಔಷಧದ ಹನಿಗಳನ್ನು ತಪ್ಪದೆ ಹಾಕಿಕೊಳ್ಳುತ್ತಿದ್ದಳು. ಈ ರೋಗ ಸಾಮಾನ್ಯವಾಗಿ ನೋಟದ ಅಂಚನ್ನು ಮೊದಲು ಕದಿಯುತ್ತ ಸದ್ದಿಲ್ಲದೆ ಒಳಕ್ಕೆ ನುಗ್ಗುತ್ತದೆ. ಹನಿಗಳು ಉಳಿದುದನ್ನು ಕಾಯಬಲ್ಲವು, ಹೋದುದನ್ನು ತರಲಾರವು. ಎಷ್ಟು ಹೋಗಿದೆಯೆಂಬುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಫೋನಿನಲ್ಲಿ ವಾರಕ್ಕೆರಡು ಸಲ ಮಾತನಾಡುತ್ತಿದ್ದ ನಾನೂ ಕೇಳಿರಲಿಲ್ಲ.

ಕಾರು ಹೊರಟಿತು. ಈ ಸಲ ಮಗ ಮೊಬೈಲನ್ನು ಕೇಳಲಿಲ್ಲ. "ಹೊರಗ ಏನೇನ ಅದ, ಹೇಳ್ಕೋತ ನಡಿ" ಎಂದು ಅಜ್ಜಿ ಅವನನ್ನು ಕೆಲಸಕ್ಕೆ ಹಚ್ಚಿದ್ದಳು. ರಸ್ತೆಯ ಬದಿಗೆ ಒಣಹಾಕಿದ್ದ ಹಳದಿಯ ರಾಶಿಯನ್ನು ಅವನು ಮೆಕ್ಕೆಜೋಳವೆಂದ, ಅವಳು ಗೋವಿನಜೋಳವೆಂದಳು, ಎರಡೂ ಒಂದೇ ಎಂದು ಒಪ್ಪಂದವಾಗಲು ರಾಣೆಬೆನ್ನೂರಿನವರೆಗೆ ಹಿಡಿಯಿತು. ಹರಿಹರದ ಬಳಿ ತುಂಗಭದ್ರೆ ಬಂದಾಗ, ನೀರೆಷ್ಟು, ಬಂಡೆ ಕಾಣುತ್ತವೆಯೆ, ಬಟ್ಟೆ ಒಗೆಯುವವರಿದ್ದಾರೆಯೆ ಎಂದು ಪ್ರಶ್ನೆಗಳ ಮಳೆಯಾಯಿತು. ಉತ್ತರ ಕೊಡಲು ಒಬ್ಬನ ಕಣ್ಣು ಸಾಲದೆ ಮಗಳೂ ಕಿವಿಯ ಗುಬುಟನ್ನು ಕಿತ್ತು ಬಲಗಿಟಕಿಯ ವರದಿಯನ್ನು ವಹಿಸಿಕೊಂಡಳು. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ಎಣಿಸುವುದರಲ್ಲಿ ಅಕ್ಕತಮ್ಮಂದಿರಿಗೆ ಜಗಳವೇ ಆಯಿತು. ಶಿರಾದ ಹತ್ತಿರ ಮಗನ ಕವಿಪ್ರತಿಭೆ ಜಾಗೃತವಾಗಿ, "ಅಜ್ಜಿ, ಆನೆ!" ಎಂದ. "ಹೌದಾ? ಯಾವ ಕಡೆ ಮಾರಿ ಮಾಡೇದ?" "ಬೆಂಗಳೂರು ಕಡೆ." "ಹಂಗಾದ್ರ ಅದನ್ನೂ ಹತ್ತಿಸ್ಕೋ, ನಿಮ್ಮಪ್ಪನ ಬಾಜೂಕ ಜಾಗಾ ಅದ" ಎಂದಳು. ತುಮಕೂರು ದಾಟುವವರೆಗೂ ನಗು ನಿಲ್ಲಲಿಲ್ಲ. "ಇನ್ನೂ ಎಷ್ಟು ದೂರ" ಎಂಬ ಪ್ರಶ್ನೆ ಮತ್ತೆ ಕೇಳಿಬರಲಿಲ್ಲ.

ಬೇತಾಳನ ಗುಟ್ಟು ಹೊಳೆದದ್ದು ಆಗ. ಅವನು ಕಥೆ ಹೇಳಿ ಸುಮ್ಮನಾಗುವವನಲ್ಲ; ಪ್ರತಿಯೊಂದು ಕಥೆಯ ಕೊನೆಗೂ ಒಂದು ಪ್ರಶ್ನೆಯನ್ನಿಟ್ಟು ಉತ್ತರದ ಭಾರವನ್ನು ಕೇಳುಗನ ತಲೆಗೆ ಕಟ್ಟುತ್ತಾನೆ. ಬಲ್ಲವನು ಸುಮ್ಮನಿರುವಂತಿಲ್ಲ. ನಾನು ಕಾರಿನಲ್ಲಿದ್ದವರನ್ನು ಸಭಿಕರೆಂದು ಎಣಿಸಿ ರಂಜಿಸಲು ಹೊರಟಿದ್ದೆ. ಅವ್ವ ಅವರನ್ನು ತನಗೆ ಬೇಕಾದವರೆಂದು ಎಣಿಸಿದಳು. ತನ್ನಿಂದ ಇನ್ನೊಬ್ಬರಿಗೆ ಪ್ರಯೋಜನವಿದೆಯೆಂದು ಅರಿತ ಮಗುವಿಗೆ ಬೇಸರ ಹತ್ತಿರ ಸುಳಿಯುವುದಿಲ್ಲ. ದೂರ ಹೊರಡುವ ವಾಚಕರು ಬುತ್ತಿಯನ್ನೂ ನೀರನ್ನೂ ಒಯ್ಯಲಿ, ಎರಡು ಗಂಟೆಗೊಮ್ಮೆ ನಿಂತು ಕೈಕಾಲು ಸಡಿಲಿಸಲಿ. ಜೊತೆಗೆ ಪ್ರತಿಯೊಬ್ಬ ಪ್ರಯಾಣಿಕನಿಗೂ ಒಂದು ನಿಜವಾದ ಕೆಲಸವನ್ನು ಒಪ್ಪಿಸಲಿ.

ನನ್ನ ಕೆಲಸವನ್ನು ಮಾತ್ರ ನಾನು ಮಾಡಿರಲಿಲ್ಲ. ಆ ಬೆಳಿಗ್ಗೆ ಧಾರವಾಡದ ಮನೆಗೆ ಬೀಗ ಹಾಕಿ ಬಂದು ಕುಳಿತಾಗ ಅವ್ವ ಕಿಟಕಿಯ ಕಡೆಗೆ ಮುಖ ಮಾಡಿದ್ದಳು. ಮನೆಯನ್ನು ಕಣ್ತುಂಬ ನೋಡಿಕೊಳ್ಳುತ್ತಿದ್ದಾಳೆ, ಮಾತನಾಡಿಸಬಾರದು ಎಂದುಕೊಂಡು ನಾನು ಸುಮ್ಮನಿದ್ದೆ. ಅಂಗಳದಲ್ಲಿ ಅವಳೇ ನೆಟ್ಟ ದಾಸವಾಳ ಅಂದು ಮೂರು ಹೂ ಬಿಟ್ಟಿತ್ತು. ಆ ಮಾತನ್ನು ನಾನು ಅವಳಿಗೆ ಹೇಳಿದ್ದು ನೆಲಮಂಗಲದ ದೀಪಗಳು ಕಂಡ ಮೇಲೆ. ಅವ್ವ ತುಸು ಹೊತ್ತು ಸುಮ್ಮನಿದ್ದು, "ಕೆಂಪೋ, ಬಿಳೇದೋ?" ಎಂದು ಕೇಳಿದಳು.