ಅಗ್ಗದ ಟ್ರ್ಯಾಕ್ಟರ್, ದುಬಾರಿ ಪಾಠ

ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡರು ಎಂಬ ಗಾದೆಯನ್ನು ನೀವು ಕೇಳಿದ್ದೀರಿ. ಹಳೆಯ ಟ್ರ್ಯಾಕ್ಟರ್ ಕೊಳ್ಳಲು ಹೊರಟವರು ಇದನ್ನು ಮರೆಯಬಾರದು. ಮುಗ್ಗಿದ ಜೋಳ ವಾಸನೆಯಿಂದಲೇ ಗೊತ್ತಾಗುತ್ತದೆ. ಸೋತ ಎಂಜಿನ್ ಹಾಗಲ್ಲ.

ಗಂಗಾವತಿ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ಕುಷ್ಟಗಿ, ಯಲಬುರ್ಗಾಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿದ ನೆಲ. ಭತ್ತದ ಗದ್ದೆಯಲ್ಲಿ ವರ್ಷಗಟ್ಟಲೆ ದುಡಿದ ಟ್ರ್ಯಾಕ್ಟರೊಂದು ಹೊಸ ಬಣ್ಣ ಬಳಿಸಿಕೊಂಡು ಯಲಬುರ್ಗಾ ಕಡೆಯ ರೈತನೊಬ್ಬನ ಮುಂದೆ ನಿಂತಿದೆ ಎಂದುಕೊಳ್ಳಿ. ಕೆಸರುನೀರು ಮುಂದಿನ ಗಾಲಿಗಳ ಆಯಿಲ್ ಸೀಲ್ ದಾಟಿ ಬೇರಿಂಗ್ ತಿಂದಿರಬಹುದು, ಕ್ಲಚ್ ಸವೆದಿರಬಹುದು. ಬಣ್ಣ ಇದಾವುದನ್ನೂ ಹೇಳುವುದಿಲ್ಲ. ಮಾರುವವನಿಗೆ ಮಾತ್ರ ಎಲ್ಲವೂ ಗೊತ್ತು.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಪೇಟೆಯನ್ನು ಉದಾಹರಿಸಿ ವಿವರಿಸಿದ್ದು ಇದನ್ನೇ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಕೊಳ್ಳುವವನಿಗೆ ತಿಳಿಯದು. ಆದುದರಿಂದ ಆತ ಎಲ್ಲಕ್ಕೂ ಸರಾಸರಿ ಬೆಲೆಯನ್ನೇ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯವನು ಮಾರಲು ಒಪ್ಪುವುದಿಲ್ಲ. ಕೊನೆಗೆ ಪೇಟೆಯಲ್ಲಿ ಕೆಟ್ಟವೇ ಹೆಚ್ಚಾಗಿ ಉಳಿಯುತ್ತವೆ. ಈ ವಿಚಾರಕ್ಕಾಗಿ ಅವರು 2001ರ ನೊಬೆಲ್ ಪ್ರಶಸ್ತಿಯನ್ನು ಇಬ್ಬರೊಡನೆ ಹಂಚಿಕೊಂಡರು. ಹಾಗಾದರೆ ನಿಮಗಿರುವ ದಾರಿ ಒಂದೇ: ಮಾರುವವನಿಗೆ ಗೊತ್ತಿರುವುದನ್ನು ನೀವೂ ತಿಳಿದುಕೊಳ್ಳುವುದು.

ನಿಮ್ಮ ನಂಬಿಕೆಯ ಮೆಕ್ಯಾನಿಕ್‌ನನ್ನು ಜೊತೆಗೆ ಕರೆದೊಯ್ಯಿರಿ. ಬೆಳಿಗ್ಗೆಯೇ ಹೋಗಿ, ಮೊದಲು ಎಂಜಿನ್ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ನೀವು ಬರುವ ಮುಂಚೆಯೇ ಚಾಲೂ ಮಾಡಿದ್ದಾರೆ ಎಂದರ್ಥ. ತಣ್ಣಗಿರುವ ಎಂಜಿನ್ ಮಾತ್ರ ತನ್ನ ನಿಜಸ್ಥಿತಿ ತೋರುತ್ತದೆ. ನೀಲಿ ಹೊಗೆ ನಿಲ್ಲದೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಆಯಿಲ್ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಕುಂಟೆಯನ್ನೋ ನೇಗಿಲನ್ನೋ ಎತ್ತಿಸಿ ಎಂಜಿನ್ ನಿಲ್ಲಿಸಿ; ಅದು ಬೇಗನೆ ಕೆಳಗಿಳಿದರೆ ಹೈಡ್ರಾಲಿಕ್ ಸೋತಿದೆ. ಮುಂದಿನ ಗಾಲಿಗಳನ್ನು ಜ್ಯಾಕ್ ಮೇಲೆತ್ತಿ ಅಲುಗಾಡಿಸಿ.

ಯಂತ್ರಕ್ಕಿಂತ ಕಾಗದಪತ್ರ ಕೊಡುವ ಪೆಟ್ಟು ದೊಡ್ಡದು. ಬಾಂಡ್ ಪೇಪರ್ ಮೇಲೆ ಬರೆಸಿಕೊಂಡರೆ ಸಾಕೆಂದು ಹಲವರು ತಿಳಿಯುತ್ತಾರೆ, ಸಾಲದು. ಚಾಸಿ ಮತ್ತು ಎಂಜಿನ್ ಸಂಖ್ಯೆಗಳು ಆರ್.ಸಿ.ಯೊಡನೆ ತಾಳೆಯಾಗಬೇಕು. ಆರ್.ಸಿ.ಯಲ್ಲಿ ಬ್ಯಾಂಕಿನ ಅಥವಾ ಫೈನಾನ್ಸ್‌ನ ಹೆಸರಿದ್ದರೆ, ಸಾಲ ತೀರಿದ ಪತ್ರವನ್ನೂ ನಮೂನೆ 35ನ್ನೂ ಕೇಳಿ. ಇಲ್ಲವಾದರೆ ಹಿಂದಿನವರ ಸಾಲಕ್ಕೆ ಬಿತ್ತನೆಯ ಹೊತ್ತಿನಲ್ಲೇ ನಿಮ್ಮ ಟ್ರ್ಯಾಕ್ಟರ್ ಜಪ್ತಿಯಾದೀತು. ಹೆಸರು ವರ್ಗಾವಣೆಗೆ ನಮೂನೆ 29 ಮತ್ತು 30 ಬೇಕು. ಹೊರರಾಜ್ಯದ ಗಾಡಿಯಾದರೆ ಅಲ್ಲಿಯ ನಿರಾಕ್ಷೇಪಣಾ ಪತ್ರವೂ ಬೇಕು. ಕೆ.ಎ. 37 ಎಂಬ ಕೊಪ್ಪಳದ ಸಂಖ್ಯೆಯಿದ್ದ ಮಾತ್ರಕ್ಕೆ ಎಲ್ಲವೂ ಸರಿಯಿದೆ ಎಂದಲ್ಲ. ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಇಲ್ಲವಾದರೆ ಗಾಡಿಗಾದ ಹಾನಿಗೆ ಪರಿಹಾರ ಸಿಗುವುದು ಕಷ್ಟ.

ಮಾರುವವರಿಗೂ ಒಂದು ಮಾತು. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ್ದಿಷ್ಟು: ಗಾಡಿ ಎಷ್ಟು ಕೈ ಬದಲಾಗಿದ್ದರೂ, ಅಪಘಾತವಾದ ದಿನ ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ. ಹಣ ಎಣಿಸಿಕೊಂಡು ಮರೆತ ಗಾಡಿ, ಕಾಣದ ಊರಿನ ಅಪಘಾತದ ನೋಟೀಸಾಗಿ ನಿಮ್ಮ ಮನೆಬಾಗಿಲಿಗೆ ಬರಬಹುದು.

ಆದುದರಿಂದ ಮುಂಗಾರು ಹತ್ತಿರ ಬಂದಾಗ ಅವಸರದಲ್ಲಿ ಕೊಳ್ಳಬೇಡಿ, ಬೇಸಿಗೆಯಲ್ಲೇ ಹುಡುಕಿ. ಹೆಸರು ವರ್ಗಾವಣೆ ಆಗುವವರೆಗೆ ಹಣದ ಒಂದು ಪಾಲನ್ನು ಉಳಿಸಿಕೊಳ್ಳುವ ಒಪ್ಪಂದ ಮಾಡಿಕೊಳ್ಳಿ. "ಇವತ್ತೇ ಕೊಡಿ, ನಾಳೆ ಬೇರೆಯವರು ಒಯ್ಯುತ್ತಾರೆ" ಎಂದರೆ, ಒಯ್ಯಲಿ ಬಿಡಿ. ಕೈತಪ್ಪಿದ ಗಾಡಿ ಮತ್ತೊಂದು ಸಿಕ್ಕೀತು. ಕೈಬಿಟ್ಟ ಹಣ ಮರಳಿ ಬರುವುದು ಸುಲಭವಲ್ಲ.